ಮೀನು ಮರಳಿ ಬಂದಾಗ ಪರವಾನಗಿ ಯಾರ ಕೈಗೆ?

(ಕರಾವಳಿಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹರೂಪ)



ಇವತ್ತು ನಿಮ್ಮ ಜೊತೆ ಮೀನಿನ ವಿಷಯ ಮಾತಾಡ್ಲಿಕ್ಕೆ ಬಂದಿದ್ದೇನೆ. ಮೀನು ಸಾರು ಮಾಡುವುದು ಹೇಗೆ ಅಂತ ನಿಮಗೆ ನಾನು ಹೇಳಿಕೊಡುವ ಅಗತ್ಯ ಇಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತುಂಟು. ನಾನು ಹೇಳಲಿಕ್ಕೆ ಹೊರಟದ್ದು ಮೀನು ಹಿಡಿಯುವ ಪರವಾನಗಿ, ಅಂದ್ರೆ ಲೈಸೆನ್ಸಿನ ವಿಷಯ. “ಅದು ಗಂಡಸರ ವಿಷಯ, ದೋಣಿಯವರ ವಿಷಯ, ನಮಗೆಂತಕ್ಕೆ?” ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮಲ್ಲಿ ಬುಟ್ಟಿ ಹೊತ್ತು ಮೀನು ಮಾರುವವರಿದ್ದೀರಿ, ಒಣಮೀನು ಮಾಡುವವರಿದ್ದೀರಿ, ಮೀನಿನ ಕಾರ್ಖಾನೆಗೆ ಹೋಗುವವರಿದ್ದೀರಿ. ಬೀಡಿ ಕಟ್ಟುವವರು, ಮಲ್ಲಿಗೆ ಕಟ್ಟುವವರೂ ಇದ್ದೀರಿ. ಸ್ವಲ್ಪ ತಾಳ್ಮೆಯಿಂದ ಕೇಳಿ. ಇದು ನಮ್ಮೆಲ್ಲರ ಮನೆಯ ವಿಷಯ ಹೇಗೆ ಅಂತ ಕಡೆಗೆ ನೀವೇ ಹೇಳುವಿರಿ.

ಮೊದಲು ಒಂದು ಪ್ರಶ್ನೆ. ನಮ್ಮ ಸಂಘದ ಉಳಿತಾಯದ ಹಣ ಬ್ಯಾಂಕಿನಲ್ಲಿ ಉಂಟು. ಅದರಿಂದ ಬರುವ ಬಡ್ಡಿಯನ್ನು ನಾವು ಹಂಚಿಕೊಂಡರೆ ತೊಂದರೆ ಇಲ್ಲ. ಆದರೆ ಬಡ್ಡಿ ಸಾಲದು ಅಂತ ಅಸಲಿಗೇ ಕೈ ಹಾಕಿದರೆ ಎಂತ ಆಗ್ತದೆ? ಮುಂದಿನ ವರ್ಷ ಬಡ್ಡಿ ಕಡಿಮೆ ಆಗ್ತದೆ. ಆಗ ಇನ್ನಷ್ಟು ಅಸಲು ತೆಗೆಯಬೇಕಾಗ್ತದೆ. ಕೊನೆಗೆ ಪಾಸ್‌ಬುಕ್ ಮಾತ್ರ ಉಳೀತದೆ.

ಸಮುದ್ರದ ಮೀನು ಕೂಡ ಹಾಗೆಯೇ. ನೀರಿನಲ್ಲಿ ಉಳಿಯುವ ತಾಯಿ ಮೀನು ಅಸಲು. ವರ್ಷ ವರ್ಷ ಹುಟ್ಟಿ ಬೆಳೆಯುವ ಮೀನು ಬಡ್ಡಿ. ಲೈಸೆನ್ಸ್ ಎಂದರೆ ಈ ಖಾತೆಯಿಂದ ಹಣ ತೆಗೆಯಲಿಕ್ಕೆ ಯಾರಿಗೆ ಸಹಿಯ ಅಧಿಕಾರ ಉಂಟು ಎಂಬ ಕಾಗದ. ಕೋಟಾ ಎಂದರೆ ಒಂದು ವರ್ಷಕ್ಕೆ ಎಷ್ಟು ತೆಗೆಯಬಹುದು ಎಂಬ ಲೆಕ್ಕ. ಈ ಎರಡನ್ನು ನೆನಪಿಟ್ಟುಕೊಳ್ಳಿ: ಯಾರು, ಎಷ್ಟು. ಇನ್ನು ನಾನು ಹೇಳುವುದೆಲ್ಲ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ದೂರದ ಒಂದು ಕರಾವಳಿಯ ಕಥೆ

ಕೆನಡಾ ದೇಶದ ಪೂರ್ವದ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪ ಉಂಟು. ಚಳಿಯ ಊರು, ಕಲ್ಲಿನ ನೆಲ. ಅಲ್ಲಿನ ಜನ ತಲೆತಲಾಂತರದಿಂದ ಬದುಕಿದ್ದು ಒಂದೇ ಮೀನಿನ ಮೇಲೆ, ಕಾಡ್ ಮೀನು. 1497ರಲ್ಲಿ ಜಾನ್ ಕ್ಯಾಬಟ್ ಎಂಬ ನಾವಿಕ ಆ ಕಡೆ ಹೋಗಿ ಬಂದಾಗ, ಅಲ್ಲಿ ಬುಟ್ಟಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು, ಮೀನು ತುಂಬಿ ಬರ್ತದೆ ಎಂಬ ಸುದ್ದಿ ಯುರೋಪಿನಲ್ಲಿ ಹರಡಿತು. ಅದರ ನಂತರ ಸುಮಾರು 500 ವರ್ಷ ಆ ಮೀನು ಜನರನ್ನು ಸಾಕಿತು. ಗಂಡಸರು ಸಣ್ಣ ದೋಣಿಯಲ್ಲಿ ಹೋಗಿ ಹಿಡಿದು ತಂದರೆ, ಹೆಂಗಸರು ದಡದಲ್ಲಿ ಸೀಳಿ, ಉಪ್ಪು ಹಾಕಿ, ಒಣಗಿಸುತ್ತಿದ್ದರು. ನಮ್ಮ ಊರಿನ ಹಾಗೆಯೇ ಅಲ್ವಾ?

1950ರ ನಂತರ ಬೇರೆ ಬೇರೆ ದೇಶಗಳ ದೊಡ್ಡ ಹಡಗುಗಳು ಬಂದವು. ಬಲೆ ಎಳೆಯುವುದು, ಕತ್ತರಿಸುವುದು, ಮಂಜುಗಡ್ಡೆ ಮಾಡಿ ಇಡುವುದು ಎಲ್ಲವೂ ಹಡಗಿನ ಒಳಗೇ. ಹಗಲು ರಾತ್ರಿ ಹಿಡಿದರು. 1968ರಲ್ಲಿ ಒಂದೇ ವರ್ಷ 8 ಲಕ್ಷ ಟನ್ನಿಗೂ ಹೆಚ್ಚು ಕಾಡ್ ಮೀನು ಹಿಡಿದರು. ಅಷ್ಟು ಎಂದೂ ಹಿಡಿದದ್ದಿಲ್ಲ. ಅದು ಬಡ್ಡಿ ಅಲ್ಲ, ಅಸಲಿಗೇ ಹಾಕಿದ ಕೈ. ಹತ್ತು ವರ್ಷದಲ್ಲಿ, 1978ರ ಹೊತ್ತಿಗೆ, ಆ ಲೆಕ್ಕ 1 ಲಕ್ಷ 40 ಸಾವಿರ ಟನ್ನಿನ ಆಸುಪಾಸಿಗೆ ಇಳಿಯಿತು.

1977ರಲ್ಲಿ ಕೆನಡಾ ದೇಶವು ತನ್ನ ದಡದಿಂದ 200 ನಾಟಿಕಲ್ ಮೈಲು ದೂರದವರೆಗಿನ ಮೀನು ತನ್ನದು ಎಂದು ಘೋಷಿಸಿತು. ಬೇರೆ ದೇಶದ ಹಡಗುಗಳಲ್ಲಿ ಹೆಚ್ಚಿನವು ಹೊರಗೆ ಹೋದವು. ಮೀನು ಸ್ವಲ್ಪ ಚೇತರಿಸಿಕೊಳ್ಳಲಿಕ್ಕೆ ಶುರುವಾಯ್ತು. ಜನರಿಗೆ ಸಂತೋಷವೋ ಸಂತೋಷ.

ಸಹೋದರಿಯರೇ, ಮೊದಲ ತಪ್ಪು ಆದದ್ದು ಇಲ್ಲಿ. ಮೀನು ಕಡಿಮೆ ಇದ್ದಾಗ ಅಲ್ಲ, ಮೀನು ಮರಳಿ ಬರ್ತಾ ಇದ್ದಾಗ.

“ಇನ್ನು ಒಳ್ಳೆ ಕಾಲ ಬಂತು” ಅಂತ ಎಲ್ಲರೂ ಮುಗಿಬಿದ್ದರು. ಸರಕಾರ ಸಾಲ ಕೊಟ್ಟಿತು, ಸಹಾಯಧನ ಕೊಟ್ಟಿತು. ಹೊಸ ದೋಣಿಗಳು ಬಂದವು, ಹೊಸ ಕಾರ್ಖಾನೆಗಳು ಎದ್ದವು, ಕೆನಡಾದ ಕಂಪೆನಿಗಳೇ ದೊಡ್ಡ ಟ್ರಾಲರುಗಳನ್ನು ಇಳಿಸಿದವು. 1970ರ ದಶಕದ ಮಧ್ಯದಿಂದ 1980ರ ಹೊತ್ತಿಗೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ನೋಂದಣಿಯಾದ ಮೀನುಗಾರರ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಮೀನು ಎರಡು ಪಟ್ಟು ಆಗಿರಲಿಲ್ಲ, ಸಹಿ ಹಾಕುವವರು ಮಾತ್ರ ಎರಡು ಪಟ್ಟು ಆದರು. 1988ಕ್ಕೆ ವರ್ಷದ ಕೋಟಾ 2 ಲಕ್ಷ 66 ಸಾವಿರ ಟನ್ನಿಗೆ ಏರಿತ್ತು.

ತಜ್ಞರು ಲೆಕ್ಕ ಹಾಕಿರಲಿಲ್ಲವಾ ಅಂತ ನೀವು ಕೇಳಬಹುದು. ಹಾಕಿದ್ದರು, ಆದರೆ ಲೆಕ್ಕ ತಪ್ಪಿತ್ತು. ಕಾರಣ ಹೇಳ್ತೇನೆ. ಕಾಡ್ ಮೀನು ಕಡಿಮೆಯಾದಾಗ ಉಳಿದ ಮೀನುಗಳು ಚದುರಿ ಇರುವುದಿಲ್ಲ, ಒಂದೇ ಕಡೆ ಗುಂಪು ಕೂಡ್ತವೆ. ದೊಡ್ಡ ಟ್ರಾಲರುಗಳಿಗೆ ಮೀನು ಹುಡುಕುವ ಯಂತ್ರ ಉಂಟು. ಅವು ಗುಂಪನ್ನು ಹುಡುಕಿ ಬಲೆ ಹಾಕಿದರೆ ಬಲೆ ತುಂಬಿಯೇ ಬರ್ತದೆ. ಅದನ್ನು ನೋಡಿ “ಮೀನು ಬೇಕಾದಷ್ಟು ಉಂಟು” ಅಂತ ತಿಳಿದರು. ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು 1980ರ ದಶಕದ ಮಧ್ಯದಿಂದಲೇ “ಮೀನು ದಡಕ್ಕೆ ಬರ್ತಾ ಇಲ್ಲ, ಬರುವ ಮೀನೂ ಸಣ್ಣದು” ಅಂತ ಕೂಗಿ ಹೇಳಿದರು. ಅವರ ಮಾತಿಗೆ ಸಿಗಬೇಕಾದ ಬೆಲೆ ಸಿಗಲಿಲ್ಲ. 1989ರಲ್ಲಿ ಲೆಕ್ಕವನ್ನು ತಿರುಗಿ ನೋಡಿದಾಗ, ಹಿಡಿಯಬೇಕಾದ ಪ್ರಮಾಣಕ್ಕಿಂತ ಬಹಳ ಹೆಚ್ಚು ಹಿಡಿದಾಗಿದೆ ಎಂದು ತಿಳಿಯಿತು. ಆಗಲೂ ಕೋಟಾವನ್ನು ಬೇಕಾದಷ್ಟು ಇಳಿಸಲಿಲ್ಲ. ಇಳಿಸಿದರೆ ಕಾರ್ಖಾನೆ ಮುಚ್ಚಬೇಕು, ಸಾಲ ಕಟ್ಟಲಿಕ್ಕೆ ಆಗುವುದಿಲ್ಲ ಎಂಬ ಹೆದರಿಕೆ.

ಬಾಗಿಲು ಮುಚ್ಚಿದ ದಿನ

1992ರ ಜುಲೈ 2ರಂದು ಕೆನಡಾದ ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿಯವರು ಕಾಡ್ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸುತ್ತೇವೆ ಎಂದು ಹೇಳಿದರು. ಅವರೂ ನ್ಯೂಫೌಂಡ್‌ಲ್ಯಾಂಡಿನವರೇ. ಮೊದಲು ಹೇಳಿದ್ದು ಎರಡು ವರ್ಷಕ್ಕೆ ಮಾತ್ರ. ಆ ಎರಡು ವರ್ಷ 32 ವರ್ಷ ಆಯಿತು.

ಸುಮಾರು 30,000 ಜನರ ಕೆಲಸ ಹೋಯಿತು. ಅಂದಿನವರೆಗೆ ಕೆನಡಾದಲ್ಲಿ ಒಂದೇ ಏಟಿಗೆ ಅಷ್ಟು ಜನರ ಕೆಲಸ ಹೋದದ್ದಿಲ್ಲ ಎನ್ನುತ್ತಾರೆ. ದಡದ ನೂರಾರು ಹಳ್ಳಿಗಳಲ್ಲಿ ಒಲೆ ಉರಿಯುವುದೇ ಕಷ್ಟ ಆಯ್ತು. ಜನ ಊರು ಬಿಟ್ಟರು. ಮುಂದಿನ ಸುಮಾರು ಹದಿನೈದು ವರ್ಷದಲ್ಲಿ ಆ ಪ್ರಾಂತ್ಯದ ಜನಸಂಖ್ಯೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿಯಿತು. ಶಾಲೆಗಳಲ್ಲಿ ಮಕ್ಕಳಿಲ್ಲ, ಮನೆಗಳಿಗೆ ಬೀಗ.

ಇದರಲ್ಲಿ ಹೆಂಗಸರ ಪಾಲು ನೋಡಿ. ಮೀನು ಕತ್ತರಿಸುವ ಕಾರ್ಖಾನೆಗಳಲ್ಲಿ ಬಹಳ ಮಂದಿ ಹೆಂಗಸರಿದ್ದರು. ಅವರ ಹೆಸರಿನಲ್ಲಿ ದೋಣಿ ಇರಲಿಲ್ಲ, ಲೈಸೆನ್ಸ್ ಇರಲಿಲ್ಲ. ಸರಕಾರ ಪರಿಹಾರ ಯೋಜನೆ ಮಾಡಿತು: 1992ರಿಂದ 1994ರವರೆಗೆ ಒಂದು, 1994ರಿಂದ 1998ರವರೆಗೆ ಇನ್ನೊಂದು. ಆದರೆ ಪರಿಹಾರ ಎಷ್ಟು, ಎಷ್ಟು ಸಮಯ ಎಂಬುದನ್ನು ಹಿಂದಿನ ದುಡಿಮೆಯ ದಾಖಲೆ ನೋಡಿ ತೀರ್ಮಾನಿಸುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ನಡುವೆ ಕೆಲಸ ಬಿಟ್ಟವರು, ಕಡಿಮೆ ವಾರ ದುಡಿದವರು ಆ ಲೆಕ್ಕದಲ್ಲಿ ಹಿಂದೆ ಬಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರೇ. ಲೈಸೆನ್ಸ್ ಇದ್ದವರಿಗೆ ಇನ್ನೊಂದು ದಾರಿ ಇತ್ತು. ಸರಕಾರವೇ ಹಣ ಕೊಟ್ಟು ಲೈಸೆನ್ಸನ್ನು ಹಿಂದಕ್ಕೆ ಖರೀದಿಸಿತು. ಕಾರ್ಖಾನೆಯ ಹೆಂಗಸು ಎಂತ ಮಾರುವುದು? ಅವಳ ಕೈಯಲ್ಲಿ ಇದ್ದದ್ದು ಕತ್ತಿ ಮಾತ್ರ.

ಇಲ್ಲಿ ಒಂದು ಪಾಠ ಉಂಟು. ಲೈಸೆನ್ಸ್ ಕೊಡುವುದು ಸುಲಭ, ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಒಳ್ಳೆಯ ಕಾಲದಲ್ಲಿ ಒಂದು ಸಹಿಯಿಂದ ಕೊಟ್ಟದ್ದನ್ನು ಕೆಟ್ಟ ಕಾಲದಲ್ಲಿ ಕೋಟಿ ಕೋಟಿ ಕೊಟ್ಟು ವಾಪಸು ತೆಗೆಯಬೇಕಾಯಿತು. ನಮ್ಮ ಸಂಘದಲ್ಲೂ ಹಾಗೇ. ಸಾಲ ಮಂಜೂರು ಮಾಡುವ ದಿನ ಎಲ್ಲರೂ ನಗ್ತಾರೆ, ವಸೂಲಿಯ ದಿನ ಯಾರೂ ಬಾಗಿಲು ತೆಗೆಯುವುದಿಲ್ಲ.

ಬೇಗ ತೆರೆದರು, ಮತ್ತೆ ಮುಚ್ಚಿದರು

ನಿಲ್ಲಿಸಿದ ನಂತರ ಮೀನು ಕೂಡಲೇ ಬಂತಾ? ಇಲ್ಲ. ಕಾಡ್ ಮೀನು ಮೊಟ್ಟೆ ಇಡುವ ಪ್ರಾಯಕ್ಕೆ ಬರಲಿಕ್ಕೆ ಐದಾರು ವರ್ಷ ಬೇಕು. ಅದು ತಿನ್ನುವ ಕ್ಯಾಪೆಲಿನ್ ಎಂಬ ಸಣ್ಣ ಮೀನೂ ಆ ಕಾಲಕ್ಕೆ ಕಡಿಮೆಯಾಗಿತ್ತು. ಆದರೂ ಜನರ ಒತ್ತಾಯ ಜೋರಾಗಿತ್ತು. ದಡದ ಹತ್ತಿರ ಕೆಲವು ಕಡೆ ಮೀನು ಕಾಣಿಸಿಕೊಂಡಿತು. 1999ರಲ್ಲಿ ಸಣ್ಣ ದೋಣಿಗಳಿಗಾಗಿ ಸ್ವಲ್ಪ ತೆರೆದರು. ಮೀನು ಮತ್ತೆ ಇಳಿಯಿತು. 2003ರಲ್ಲಿ ಪುನಃ ಮುಚ್ಚಬೇಕಾಯಿತು. ಇದು ಎರಡನೆಯ ಪಾಠ. ಒಂದು ಕಡೆ ಮೀನು ಕಂಡಿತು ಅಂದ್ರೆ ಇಡೀ ಸಮುದ್ರ ತುಂಬಿತು ಅಂತ ಅರ್ಥ ಅಲ್ಲ.

2006ರಲ್ಲಿ ಬೇರೆ ರೀತಿ ಪ್ರಯತ್ನ ಮಾಡಿದರು. ಹೊಸ ಲೈಸೆನ್ಸ್ ಯಾರಿಗೂ ಇಲ್ಲ. ಇರುವವರಿಗೆ ಮಾತ್ರ, ಅದೂ ಸಣ್ಣ ದೋಣಿಯವರಿಗೆ, ಒಬ್ಬರಿಗೆ ಇಷ್ಟೇ ಎಂಬ ಮಿತಿಯಲ್ಲಿ. ಹಿಡಿದ ಮೀನಿನ ಲೆಕ್ಕ ಬರೆದು ಕೊಡಬೇಕು. ಮೀನುಗಾರರು ಕೊಡುವ ಲೆಕ್ಕವೂ ತಜ್ಞರ ಲೆಕ್ಕಕ್ಕೆ ಸೇರುತ್ತದೆ. ಇದಕ್ಕೆ ಪಾಲನೆಯ ಮೀನುಗಾರಿಕೆ ಎನ್ನಬಹುದು. ಹಿಡಿಯುವವನೇ ಕಾಯುವವನೂ ಹೌದು. ಹೀಗೆ ಮೆಲ್ಲನೆ ಮೆಲ್ಲನೆ ಹೋಗಿ 2022 ಮತ್ತು 2023ರಲ್ಲಿ ವರ್ಷಕ್ಕೆ ಸುಮಾರು 13,000 ಟನ್ನಿನ ಮಿತಿ ಇತ್ತು. ಹಿಂದಿನ 2 ಲಕ್ಷ 66 ಸಾವಿರದ ಎದುರು ಇದು ಬೆರಳೆಣಿಕೆ. ಆದರೆ ಮುಚ್ಚಿದ ಬಾಗಿಲಿಗಿಂತ ಒಳ್ಳೆಯದು.

ತಾತ್ಕಾಲಿಕ ಎಂಬ ಮಾತು

ಕಾಡ್ ಮೀನು ಹೋದ ಮೇಲೆ ಆ ಸಮುದ್ರದಲ್ಲಿ ಏಡಿ ಮತ್ತು ಸಿಗಡಿ ಹೆಚ್ಚಾದವು. ಅವನ್ನು ತಿನ್ನುವ ಕಾಡ್ ಇಲ್ಲದ್ದು ಅದಕ್ಕೆ ಒಂದು ಕಾರಣ, ನೀರು ತಣ್ಣಗಾದದ್ದು ಇನ್ನೊಂದು. ಏಡಿಗೆ ಒಳ್ಳೆ ಬೆಲೆ. ಕೆಲಸ ಕಳೆದುಕೊಂಡ ಸಣ್ಣ ದೋಣಿಯವರೂ ಬದುಕಬೇಕಲ್ಲ ಅಂತ 1995ರಲ್ಲಿ ಅವರಿಗೂ ಏಡಿ ಹಿಡಿಯಲಿಕ್ಕೆ ತಾತ್ಕಾಲಿಕ ಪರವಾನಗಿ ಕೊಟ್ಟರು. ನಂತರ ಅದು ಕಾಯಂ ಆಯ್ತು. ಸಿಗಡಿಗೂ 1997ರಿಂದ ಹಾಗೇ ತಾತ್ಕಾಲಿಕ ಪರವಾನಗಿ ಕೊಟ್ಟರು. ಅದಕ್ಕೆ ಒಂದು ನಿಯಮ ಇತ್ತು: ಸಿಗಡಿ ಕಡಿಮೆಯಾದರೆ ಕಡೆಗೆ ಬಂದವರು ಮೊದಲು ಹೊರಗೆ ಹೋಗಬೇಕು. ಕಡೆಗೆ ಬಂದವರು ಯಾರು? ದಡದ ಹಳ್ಳಿಯ ದೋಣಿಯವರು. ಮೊದಲು ಬಂದವರು ಯಾರು? ದೂರದ ಸಮುದ್ರದ ದೊಡ್ಡ ಹಡಗಿನವರು. ಸಿಗಡಿ ಕಡಿಮೆಯಾಗುತ್ತಾ ಬಂದಾಗ ಹಳ್ಳಿಯವರು “ನಮ್ಮ ಬಾಗಿಲ ಎದುರಿನ ಮೀನು, ನಾವೇ ಮೊದಲು ಹೊರಗೆ ಹೋಗಬೇಕಾ?” ಎಂದು ಕೇಳಿದರು. ಕಡೆಗೆ 2016ರಲ್ಲಿ ಸರಕಾರ ಆ ನಿಯಮ ತೆಗೆದು, ಹೆಚ್ಚಾದಾಗಲೂ ಕಡಿಮೆಯಾದಾಗಲೂ ಎಲ್ಲರೂ ಪಾಲಿನ ಪ್ರಕಾರ ಹಂಚಿಕೊಳ್ಳಬೇಕು ಎಂದು ಮಾಡಿತು.

ನಾನು ಯಾಕೆ ಇದನ್ನು ಹೇಳ್ತಾ ಇದ್ದೇನೆ? ಒಳ್ಳೆಯ ಕಾಲದಲ್ಲಿ ಕಾಗದದ ಸಣ್ಣ ಅಕ್ಷರ ಯಾರೂ ಓದುವುದಿಲ್ಲ. ನಷ್ಟ ಬಂದಾಗ ಯಾರು ಎಷ್ಟು ಹೊರಬೇಕು ಎಂಬುದು ಲಾಭ ಇರುವಾಗಲೇ ಬರೆದು ಇಡಬೇಕಾದ ಮಾತು. ನಮ್ಮ ಸಂಘದ ನಿಯಮಾವಳಿಯಲ್ಲಿ ಕೂಡ ಅಷ್ಟೇ.

ಹೆಸರು ಒಬ್ಬರದ್ದು, ಕೈ ಇನ್ನೊಬ್ಬರದ್ದು

ಇನ್ನೊಂದು ದೊಡ್ಡ ವಿಷಯ. ಲೈಸೆನ್ಸುಗಳ ಸಂಖ್ಯೆ ಕಡಿಮೆಯಾದಾಗ, ಹೊಸದಾಗಿ ಯಾರಿಗೂ ಸಿಗದಾಗ, ಇರುವ ಲೈಸೆನ್ಸಿಗೆ ಬಂಗಾರದ ಬೆಲೆ ಬರ್ತದೆ. ಮೀನುಗಾರನ ಮಗನಿಗೆ ಅದನ್ನು ಕೊಳ್ಳುವಷ್ಟು ಹಣ ಇಲ್ಲ. ಹಣ ಇರುವುದು ಮೀನು ಖರೀದಿಸುವ ಕಂಪೆನಿಗೆ.

ಕೆನಡಾದ ಅಟ್ಲಾಂಟಿಕ್ ಕರಾವಳಿಯಲ್ಲಿ 1970ರ ದಶಕದ ಕೊನೆಯಿಂದ ಒಂದು ನೀತಿ ಉಂಟು. ಸಣ್ಣ ದೋಣಿಯ ಮೀನುಗಾರಿಕೆಯಲ್ಲಿ ಮೀನು ಸಂಸ್ಕರಿಸುವ ಕಂಪೆನಿಗೆ ಹೊಸದಾಗಿ ಲೈಸೆನ್ಸ್ ಕೊಡುವುದಿಲ್ಲ. ಇನ್ನೊಂದು ನಿಯಮ, ಲೈಸೆನ್ಸ್ ಇರುವವನು ತಾನೇ ದೋಣಿಯಲ್ಲಿ ಹೋಗಿ ಹಿಡಿಯಬೇಕು. ಉಳುವವನಿಗೆ ಭೂಮಿ ಎಂದು ನಮ್ಮಲ್ಲಿ ಹೇಳಿದ ಹಾಗೆ, ಹಿಡಿಯುವವನಿಗೆ ಲೈಸೆನ್ಸ್. ಒಳ್ಳೆಯ ನಿಯಮ. ಆದರೆ ಜನ ದಾರಿ ಹುಡುಕಿದರು. ಲೈಸೆನ್ಸ್ ಮೀನುಗಾರನ ಹೆಸರಿನಲ್ಲಿ, ಹಣ ಕಂಪೆನಿಯದ್ದು. ಒಳಗಿಂದ ಒಂದು ಒಪ್ಪಂದದ ಕಾಗದ. ಯಾವಾಗ ಹಿಡಿಯಬೇಕು, ಯಾರಿಗೆ ಮಾರಬೇಕು, ಲೈಸೆನ್ಸ್ ಯಾರಿಗೆ ದಾಟಿಸಬೇಕು ಎಲ್ಲವೂ ಕಂಪೆನಿ ಹೇಳಿದ ಹಾಗೆ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇನಾಮಿ ಅಂತ ಹೇಳ್ತೇವೆ.

2007ರಲ್ಲಿ ಸರಕಾರ ಇಂಥ ಒಪ್ಪಂದಗಳಿಂದ ಹೊರಬರಲು ಏಳು ವರ್ಷದ ಸಮಯ ಕೊಟ್ಟಿತು. ಅದು ನೀತಿ ಮಾತ್ರ, ಕಾನೂನು ಅಲ್ಲ. ಅದು ಸಾಲದು ಎಂದು ಮೀನುಗಾರರ ಸಂಘಟನೆಗಳು ಹಠ ಹಿಡಿದವು. 2019ರಲ್ಲಿ ಮೀನುಗಾರಿಕೆ ಕಾಯ್ದೆಗೇ ತಿದ್ದುಪಡಿ ಆಯ್ತು. 2021ರ ಏಪ್ರಿಲ್ 1ರಿಂದ ಅದು ನಿಯಮವಾಗಿ ಜಾರಿಗೆ ಬಂತು. ಈಗ ಲೈಸೆನ್ಸಿನ ಪ್ರಯೋಜನ ಅದರ ಮೇಲೆ ಹೆಸರಿರುವವನ ಕೈಯಲ್ಲೇ ಇರಬೇಕು.

ಇದನ್ನು ಕೇಳುವಾಗ ನಿಮಗೆ ಏನಾದರೂ ನೆನಪಾಗ್ತದಾ? ನಮ್ಮ ಎಷ್ಟು ಮಂದಿ ಅಕ್ಕಂದಿರ ಹೆಸರಿನಲ್ಲಿ ಸಾಲ ಉಂಟು, ಹಣ ಇನ್ನೊಬ್ಬರ ಕೈಗೆ ಹೋಗಿದೆ? ಸಹಿ ನಮ್ಮದು, ನಿರ್ಧಾರ ಬೇರೆಯವರದ್ದು. ಕಂತು ಕಟ್ಟುವಾಗ ಮಾತ್ರ ನಮ್ಮ ಹೆಸರು ಕರೀತಾರೆ. ಕಾಗದದಲ್ಲಿ ಹೆಸರು ಇದ್ದರೆ ಸಾಲದು, ಕೈಯಲ್ಲಿ ಅಧಿಕಾರವೂ ಇರಬೇಕು. ಕೆನಡಾದ ಮೀನುಗಾರರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು.

2024ರ ಜೂನ್

ಈಗ ಕಥೆಯ ಹೊಸ ಭಾಗ. 2023ರಲ್ಲಿ ತಜ್ಞರು ಹಳೆಯ ಲೆಕ್ಕಗಳನ್ನೆಲ್ಲ ಸೇರಿಸಿ ಹೊಸ ರೀತಿಯಲ್ಲಿ ಅಂದಾಜು ಮಾಡಿದರು. ಮೀನು ತೀರಾ ಅಪಾಯದ ಮಟ್ಟದಿಂದ ಮೇಲೆ ಬಂದಿದೆ, ಆದರೆ ಇನ್ನೂ ಎಚ್ಚರಿಕೆಯ ಮಟ್ಟದಲ್ಲೇ ಇದೆ ಎಂದು ತೀರ್ಮಾನ ಆಯಿತು. ಗಮನಿಸಿ, ಅಳತೆಯ ಗೆರೆಯನ್ನೇ ಬದಲಿಸಿದ್ದರಿಂದ ಬಂದ ತೀರ್ಮಾನ ಇದು. ಒಂದೇ ವರ್ಷದಲ್ಲಿ ಮೀನು ಹಠಾತ್ತನೆ ಹೆಚ್ಚಾದದ್ದಲ್ಲ.

2024ರ ಜೂನ್ 26ರಂದು ಕೆನಡಾ ಸರಕಾರ ನಿಷೇಧ ಮುಗಿಯಿತು ಎಂದು ಘೋಷಿಸಿತು. ಆ ವರ್ಷದ ಮಿತಿ 18,000 ಟನ್. 2025ರಲ್ಲಿ ಅದನ್ನು 38,000 ಟನ್ನಿಗೆ ಏರಿಸಿದರು. 32 ವರ್ಷ ಕಾದ ಜನ ಕುಣಿದಾಡಬೇಕಿತ್ತಲ್ಲ? ಆದರೆ ಮೀನುಗಾರರ ಮತ್ತು ಮೀನು ಕಾರ್ಖಾನೆ ಕೆಲಸಗಾರರ ಯೂನಿಯನ್ ಸಿಟ್ಟುಗೊಂಡಿತು. ಯಾಕೆ?

ಹಿಂದಿನಿಂದ ಒಂದು ಮಾತು ಇತ್ತು. ಮೀನು ಮರಳಿ ಬಂದಾಗ ಮೊದಲ 1 ಲಕ್ಷ 15 ಸಾವಿರ ಟನ್ ದಡದ ಸಣ್ಣ ದೋಣಿಯವರಿಗೆ ಮತ್ತು ಅಲ್ಲಿನ ಮೂಲನಿವಾಸಿ ಸಮುದಾಯಗಳಿಗೆ ಎಂದು. ಅಷ್ಟು ಆದ ಮೇಲೆ ದೊಡ್ಡ ಹಡಗಿನವರು ಬರಲಿ ಎಂದು. ಆದರೆ 18,000 ಟನ್ ಇರುವಾಗಲೇ ದೂರ ಸಮುದ್ರದ ದೊಡ್ಡ ಟ್ರಾಲರುಗಳಿಗೆ ಒಂದು ಪಾಲು ಕೊಟ್ಟರು. ಬೇರೆ ದೇಶಗಳ ಹಡಗುಗಳಿಗೂ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸಣ್ಣ ಪಾಲು ಹೋಯಿತು. ದೊಡ್ಡ ಭಾಗ ಸಣ್ಣ ದೋಣಿಯವರಿಗೇ ಸಿಕ್ಕಿದ್ದು ನಿಜ. ದೊಡ್ಡ ಹಡಗಿನವರು ಹೇಳುವ ಮಾತಿನಲ್ಲೂ ಒಂದು ನ್ಯಾಯ ಉಂಟು. ಅವರ ಹಡಗಿನಲ್ಲೂ ಕೆಲಸಗಾರರಿದ್ದಾರೆ, ಅವರೂ 32 ವರ್ಷ ಕಾದಿದ್ದಾರೆ. ಆದರೆ ದಡದವರು ಕೇಳುವುದು ಒಂದೇ: “ಚಳಿಗಾಲದಲ್ಲಿ ಆ ಮೀನು ಆಳ ಸಮುದ್ರದಲ್ಲಿ ಗುಂಪು ಸೇರಿ ಮೊಟ್ಟೆ ಇಡುವ ತಯಾರಿ ಮಾಡ್ತದೆ. ಅಲ್ಲಿ ಟ್ರಾಲರ್ ಹಾಕಿದರೆ ಹಿಂದೆ ಆದದ್ದೇ ಮತ್ತೆ ಆಗುವುದಿಲ್ಲವಾ?”

ಯಾರ ಮಾತು ಸರಿ ಎಂದು ಇನ್ನು ಕೆಲವು ವರ್ಷಗಳಲ್ಲಿ ಸಮುದ್ರವೇ ಹೇಳ್ತದೆ. ನಮಗೆ ಬೇಕಾದ ಪಾಠ ಇಷ್ಟು. ಮೀನು ಇಲ್ಲದಾಗ ಎಲ್ಲರೂ ಒಟ್ಟಿಗೆ ಅಳ್ತಾರೆ. ಮೀನು ಬಂದಾಗ ಪಾಲಿನ ಜಗಳ ಶುರುವಾಗ್ತದೆ. ಆ ಜಗಳದಲ್ಲಿ ಗೆಲ್ಲುವವರು ಹೆಚ್ಚು ಕಾದವರಲ್ಲ, ಸಭೆಯಲ್ಲಿ ಕುರ್ಚಿ ಇದ್ದವರು.

ನಮ್ಮ ದಡದ ಮಾತು

ಈಗ ನಮ್ಮ ಊರಿಗೆ ಬರೋಣ. ಬೂತಾಯಿ ಮೀನು ನಮ್ಮ ಬಡವರ ಮನೆಯ ಮೀನು. ನಮ್ಮ ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3 ಲಕ್ಷ 90 ಸಾವಿರ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಅದು 3,300 ಟನ್ನಿಗೆ ಇಳಿಯಿತು. ನೂರು ರೂಪಾಯಿ ಇದ್ದ ಕಡೆ ಒಂದು ರೂಪಾಯಿ ಕೂಡ ಪೂರ್ತಿ ಇಲ್ಲದ ಹಾಗೆ. 2023ರಲ್ಲಿ ಮತ್ತೆ 1 ಲಕ್ಷ 38 ಸಾವಿರ ಟನ್ ಬಂತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ ಇದು. ಬೂತಾಯಿ ಕಾಡ್ ಮೀನಿನ ಹಾಗಲ್ಲ. ಅದು ಬೇಗ ಬೆಳೀತದೆ, ಬೇಗ ಮೊಟ್ಟೆ ಇಡ್ತದೆ, ಮಳೆ ಮತ್ತು ನೀರಿನ ಬಿಸಿಗೆ ತಕ್ಕ ಹಾಗೆ ಏರ್ತದೆ ಇಳೀತದೆ. ಹಾಗಾಗಿ ಬೇಗ ಮರಳಿ ಬರ್ತದೆ. ಆದರೆ ಬಂದ ಕೂಡಲೇ ಮರಿ ಮೀನನ್ನೂ ಬಾಚಿ ಗೊಬ್ಬರಕ್ಕೆ, ಎಣ್ಣೆಗೆ, ಮೀನಿನ ಹುಡಿಗೆ ಕಳಿಸಿದರೆ ನಮ್ಮ ಬುಟ್ಟಿಗೆ ಎಂತ ಉಳೀತದೆ?

ನಮ್ಮಲ್ಲೂ ಕಾನೂನು ಉಂಟು. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪ್ರಕಾರ ದೋಣಿಗಳಿಗೆ ಪರವಾನಗಿ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಪ್ರಖರ ಬೆಳಕು ಹಾಕಿ ಮೀನು ಹಿಡಿಯುವುದು, ಎರಡು ಬೋಟು ಸೇರಿ ಬುಲ್ ಟ್ರಾಲಿಂಗ್ ಮಾಡುವುದು ನಿಷೇಧ. ಆದರೆ ಕೆನಡಾದ ಹಾಗೆ ಒಂದೊಂದು ಮೀನಿಗೂ ವರ್ಷಕ್ಕೆ ಇಷ್ಟೇ ಟನ್ ಎಂಬ ಕೋಟಾ ನಮ್ಮಲ್ಲಿ ಇಲ್ಲ. ಅಂದ್ರೆ ನಮ್ಮ ಖಾತೆಯಲ್ಲಿ ‘ಯಾರು’ ಎಂಬುದಕ್ಕೆ ಕಾಗದ ಉಂಟು, ‘ಎಷ್ಟು’ ಎಂಬುದಕ್ಕೆ ಇಲ್ಲ. ಹಾಗಾಗಿ ಬೋಟುಗಳ ಸಂಖ್ಯೆ, ಬಲೆಯ ಕಣ್ಣಿನ ಅಳತೆ, ರಜೆಯ ದಿನ ಇವನ್ನು ಸರಿಯಾಗಿ ಪಾಲಿಸುವುದೇ ನಮಗೆ ಇರುವ ಬೇಲಿ.

2025ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಆಳ ಸಮುದ್ರ ಮೀನುಗಾರಿಕೆಗೆ ಹೊಸ ನಿಯಮ ತಂದಿದೆ. ರಾಜ್ಯದ ಸಮುದ್ರದ ಗಡಿ ದಾಟಿ ಹೋಗುವ ಯಾಂತ್ರೀಕೃತ ಬೋಟುಗಳಿಗೂ ದೊಡ್ಡ ಮೋಟಾರು ದೋಣಿಗಳಿಗೂ ಪ್ರವೇಶ ಪತ್ರ ಬೇಕು. ಸಣ್ಣ ಸಾಂಪ್ರದಾಯಿಕ ದೋಣಿಗಳಿಗೆ ಬೇಡ. ಮೀನುಗಾರರ ಸಹಕಾರ ಸಂಘಗಳಿಗೆ ಮತ್ತು ಮೀನುಗಾರರ ಉತ್ಪಾದಕ ಸಂಸ್ಥೆಗಳಿಗೆ ಆದ್ಯತೆ ಎಂದು ಅದರಲ್ಲಿ ಹೇಳಿದೆ. ಇದು ಕಿವಿಗೊಡಬೇಕಾದ ಮಾತು. ಸಹಕಾರ ಸಂಘಕ್ಕೆ ಆದ್ಯತೆ ಅಂದ್ರೆ, ಆ ಸಂಘದಲ್ಲಿ ಸದಸ್ಯರು ಯಾರು? ನೀವು ಇದ್ದೀರಾ? ಇದ್ದರೆ ಮಹಾಸಭೆಗೆ ಹೋಗ್ತೀರಾ, ಅಥವಾ ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಿ ಕಳಿಸ್ತೀರಾ?

ನಾವು ಮಾಡಬಹುದಾದದ್ದು

ದೊಡ್ಡ ದೊಡ್ಡ ಕೆಲಸ ಹೇಳುವುದಿಲ್ಲ. ನಾಳೆಯಿಂದಲೇ ಮಾಡಬಹುದಾದ ನಾಲ್ಕು ಮಾತು ಹೇಳ್ತೇನೆ.

ಒಂದು: ಮೀನು ಮಾರುವ, ಒಣಗಿಸುವ, ಕತ್ತರಿಸುವ ಕೆಲಸವನ್ನು ದಾಖಲೆಗೆ ತನ್ನಿ. ಎಷ್ಟು ದಿನ ದುಡಿದಿರಿ, ಎಷ್ಟು ಸಂಪಾದಿಸಿದಿರಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮೀನುಗಾರರ ಗುರುತಿನ ಚೀಟಿಗೆ, ಸಹಕಾರ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿ. ನ್ಯೂಫೌಂಡ್‌ಲ್ಯಾಂಡಿನ ಹೆಂಗಸರು ಕಲಿತದ್ದು ಇದನ್ನೇ. ದಾಖಲೆ ಇಲ್ಲದ ದುಡಿಮೆಗೆ ಪರಿಹಾರವೂ ಇಲ್ಲ.

ಎರಡು: ಮರಿ ಮೀನು ಬಂದಾಗ ಕೊಳ್ಳಬೇಡಿ, ಮಾರಬೇಡಿ. ಒಬ್ಬಳೇ ನಿಂತರೆ ನಷ್ಟ ಅವಳಿಗೆ. ಹತ್ತು ಸಂಘ ಒಟ್ಟಿಗೆ ನಿಂತರೆ ಹಿಡಿದವನೂ ಯೋಚಿಸ್ತಾನೆ.

ಮೂರು: ಮನೆಯಲ್ಲಿ ಹೊಸ ಬೋಟಿಗೆ, ಹೊಸ ಬಲೆಗೆ ಸಾಲ ಮಾಡುವ ಮಾತು ಬಂದಾಗ, ಒಂದು ಒಳ್ಳೆಯ ವರ್ಷ ನೋಡಿ ಹತ್ತು ವರ್ಷದ ಸಾಲ ಮಾಡಬೇಡಿ. 1977ರ ನಂತರ ನ್ಯೂಫೌಂಡ್‌ಲ್ಯಾಂಡಿನವರು ಅದನ್ನೇ ಮಾಡಿದರು. ಬಂಗಾರ ಅಡವಿಡುವುದು ನಿಮ್ಮದೇ ಅಲ್ವಾ? ಹಾಗಾದರೆ ಪ್ರಶ್ನೆ ಕೇಳುವ ಹಕ್ಕೂ ನಿಮ್ಮದೇ.

ನಾಲ್ಕು: ನಿಮ್ಮ ಹೆಸರಿನಲ್ಲಿ ದೋಣಿಯೋ ಪರವಾನಗಿಯೋ ಸಾಲವೋ ಇದ್ದರೆ ಅದರ ಕಾಗದ ಎಲ್ಲಿ ಉಂಟು, ಅದರಲ್ಲಿ ಎಂತ ಬರೆದಿದೆ ಎಂದು ಓದಿಸಿ ತಿಳಿದುಕೊಳ್ಳಿ. ಓದದೆ ಸಹಿ ಹಾಕಬೇಡಿ.

ಸಹೋದರಿಯರೇ, ಹೋದ ಮೀನು ಮರಳಿ ಬರ್ತದೆ. ಬೂತಾಯಿ ಎರಡು ವರ್ಷದಲ್ಲಿ ಬಂತು, ಕಾಡ್‌ಗೆ 32 ವರ್ಷ ಆಯ್ತು. ಅದು ಬರುವ ದಿನ ನಾವು ಯಾವ ಲೆಕ್ಕದಲ್ಲಿ, ಯಾರ ಹೆಸರಿನಲ್ಲಿ, ಎಷ್ಟು ನಿಧಾನವಾಗಿ ಬಲೆ ಹಾಕ್ತೇವೆ ಎಂಬುದರ ಮೇಲೆ ನಮ್ಮ ಮಕ್ಕಳ ಊಟ ನಿಂತಿದೆ.

ಸಂಘದ ಸಭೆಯಲ್ಲಿ ಚರ್ಚೆಗೆ

1. ನಮ್ಮ ಊರಿನಲ್ಲಿ ಹತ್ತು ವರ್ಷದ ಹಿಂದೆ ಎಷ್ಟು ಬೋಟು, ದೋಣಿಗಳಿದ್ದವು? ಈಗ ಎಷ್ಟು? ಯಾರ ಹೆಸರಿನಲ್ಲಿ?

2. ಮೀನುಗಾರರ ಸಹಕಾರ ಸಂಘದಲ್ಲಿ ನಮ್ಮ ಸಂಘದ ಎಷ್ಟು ಮಂದಿ ಸದಸ್ಯರಿದ್ದಾರೆ? ಆಡಳಿತ ಸಮಿತಿಯಲ್ಲಿ ಹೆಂಗಸರು ಎಷ್ಟು?

3. ಮೀನು ಇಲ್ಲದ ವರ್ಷ ನಮ್ಮ ಮನೆ ನಡೆದದ್ದು ಹೇಗೆ? ಆಗ ಮಾಡಿದ ಸಾಲ ತೀರಿದೆಯಾ?

4. ಮರಿ ಮೀನು ಕೊಳ್ಳುವುದಿಲ್ಲ ಎಂದು ನಾವೆಲ್ಲ ಸೇರಿ ನಿರ್ಣಯ ಮಾಡಬಹುದಾ? ಮಾಡಿದರೆ ಅದನ್ನು ಯಾರು ನೋಡಿಕೊಳ್ಳಬೇಕು?